ನೂರು ತುಂಬುವ ಶಾಲೆ, ಹದಿನಾಲ್ಕು ಮಕ್ಕಳು

ಕಳೆದ ಶ್ರಾವಣದಲ್ಲಿ ನಮ್ಮ ಕಾರ್ಯಾಲಯಕ್ಕೆ ಒಂದು ಕಾಗದ ಬಂದಿತು. ಮಲಪ್ರಭೆಯ ಬಯಲಿನಲ್ಲಿರುವ ಸಣ್ಣ ಊರೊಂದರ ಹಿರಿಯರು ಬರೆದ ಕಾಗದವದು. ತಮ್ಮೂರಿನ ಸರಕಾರಿ ಕನ್ನಡ ಕಿರಿಯ ಪ್ರಾಥಮಿಕ ಶಾಲೆಗೆ ಬರುವ ವರ್ಷ ನೂರು ತುಂಬುತ್ತದೆ. ಊರ ಜನರೆಲ್ಲ ಸೇರಿ ಶತಮಾನೋತ್ಸವ ಸಮಿತಿ ಮಾಡಿಕೊಂಡಿದ್ದಾರೆ. ಶಾಲೆಯ ಮುಂದೆ ಕಲ್ಲಿನ ಮಹಾದ್ವಾರವೊಂದನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿದ್ದಾರೆ. ಹೊರತರಲಿರುವ ಸ್ಮರಣ ಸಂಚಿಕೆಗೆ ನಾವೊಂದು ಲೇಖನ ಬರೆದುಕೊಡಬೇಕು. ಇಷ್ಟು ಅವರ ಅಪೇಕ್ಷೆ. ಕಾಗದದ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಒಂದು ಸಾಲು ಸೇರಿಸಿದ್ದರು: ‘ಈಗ ಶಾಲೆಯಲ್ಲಿ ಮಕ್ಕಳು ಕಡಿಮೆ ಇರುತ್ತಾರೆ.’

ಕಡಿಮೆ ಎಂದರೆ ಎಷ್ಟು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಒಂದರಿಂದ ಐದನೆಯ ಇಯತ್ತೆಯವರೆಗೆ ಒಟ್ಟು ಹದಿನಾಲ್ಕು. ಒಂದನೆಯದಕ್ಕೆ ಇಬ್ಬರು, ಎರಡಕ್ಕೆ ಮೂವರು, ಮೂರಕ್ಕೆ ನಾಲ್ವರು, ನಾಲ್ಕಕ್ಕೆ ಇಬ್ಬರು, ಐದಕ್ಕೆ ಮೂವರು. ಊರಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳಿವೆ.

ನಾವು ಊರು ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಬಸವಣ್ಣನ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಹಳದಿ ಬಣ್ಣದ ವ್ಯಾನೊಂದು ನಿಂತಿತ್ತು. ಟೈ ಕಟ್ಟಿದ, ಬೂಟು ಹಾಕಿದ ಮಕ್ಕಳನ್ನು ತಾಯಂದಿರು ಒಬ್ಬೊಬ್ಬರನ್ನಾಗಿ ಎತ್ತಿ ಒಳಗೆ ಕೂಡಿಸುತ್ತಿದ್ದರು. ಸುಮ್ಮನೆ ಎಣಿಸಿದೆವು. ಮೂವತ್ತೊಂದು ಮಕ್ಕಳು. ಅವರಲ್ಲಿ ಕೆಲವರಿಗೆ ಇನ್ನೂ ನಿದ್ದೆ ತಿಳಿದಿರಲಿಲ್ಲ. ವ್ಯಾನಿನ ಪಕ್ಕೆಯ ಮೇಲೆ ಬರೆದಿದ್ದ ಸಂಸ್ಥೆಯ ಹೆಸರನ್ನು ಓದಿದಾಗ ನಮಗೆ ಸ್ವಲ್ಪ ಇರಿಸುಮುರಿಸಾಯಿತು. ಅದು ತಾಲೂಕು ಸ್ಥಳದಲ್ಲಿ ನಮ್ಮ ಸಮಾಜದವರೇ ಕಟ್ಟಿದ, ನಮ್ಮವರೇ ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆ. ಅದರ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಇಂಥ ವ್ಯಾನು ಬರದ ಊರು ನಮ್ಮ ಓದುಗರಲ್ಲಿ ಎಷ್ಟು ಜನರದಿದ್ದೀತು?

ಶಾಲೆಯ ಬಾಗಿಲು ತೆರೆದದ್ದು ಒಂಬತ್ತೂವರೆಗೆ. ಮುಖ್ಯೋಪಾಧ್ಯಾಯಿನಿಯವರು ಹದಿನಾರು ಕಿಲೋಮೀಟರು ದೂರದಿಂದ ಬಸ್ಸಿನಲ್ಲಿ ಬರುತ್ತಾರೆ. ಊರವರು ಅವರನ್ನು ‘ಅಕ್ಕೋರು’ ಎನ್ನುತ್ತಾರೆ. ನಾವೂ ಹಾಗೆಯೇ ಕರೆದೆವು. ನಮ್ಮನ್ನು ಕುಳ್ಳಿರಿಸಿ, ಕಪಾಟಿನ ತಳದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಜನರಲ್ ರಜಿಸ್ಟರನ್ನು ಹೊರತೆಗೆದರು. ಸ್ಮರಣ ಸಂಚಿಕೆಗೆ ಬೇಕಾಗುತ್ತದೆಂದು ಸಮಿತಿಯವರು ಅದನ್ನು ಆಗಲೇ ಒಮ್ಮೆ ಬಿಚ್ಚಿ ನೋಡಿದ್ದರಂತೆ. ಶಾಲೆ ಆರಂಭವಾದದ್ದು ಲೋಕಲ್ ಬೋರ್ಡಿನ ಆಡಳಿತದಲ್ಲಿ, ಮಠದ ಹೊರಜಗುಲಿಯ ಮೇಲೆ. ಅದಕ್ಕೂ ಮೊದಲು ಊರಲ್ಲಿ ಒಂದು ಗಾಂವಠಿ ಶಾಲೆ ಇತ್ತೆಂದು ಹಿರಿಯರ ಹೇಳಿಕೆ.

ಆ ರಜಿಸ್ಟರಿನ ಮೊದಲ ಪುಟಗಳನ್ನು ನಾವು ಬಹಳ ಹೊತ್ತು ನೋಡಿದೆವು. ಶಿವಲಿಂಗಪ್ಪ, ಚನ್ನಬಸಪ್ಪ, ಬಾಳಪ್ಪ, ಗಂಗಪ್ಪ. ಹೆಸರುಗಳೆಲ್ಲ ನಮ್ಮ ಮನೆಗಳ ಅಜ್ಜಂದಿರ ಹೆಸರುಗಳೇ. ಬಹುತೇಕ ಮಕ್ಕಳು ಲಿಂಗಾಯತ ಒಕ್ಕಲುತನದ ಮನೆಗಳವರು. ನಡುನಡುವೆ ಬಡಿಗೇರ, ಕುಂಬಾರ, ಕುರುಬ ಮನೆಗಳ ಒಂದೊಂದು ಹೆಸರು. ಹುಡುಗಿಯರ ಹೆಸರು ಬರಲು ಬಹಳ ಪುಟ ತಿರುವಬೇಕಾಯಿತು. ಊರ ಅಂಚಿನ ಕೇರಿಯ ಮಕ್ಕಳ ಹೆಸರು ಬರಲು ಅದಕ್ಕಿಂತಲೂ ಹೆಚ್ಚು. ಬಳಿಕ ಅಕ್ಕೋರು ಈ ವರ್ಷದ ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟರು. ಹದಿನಾಲ್ಕು ಹೆಸರುಗಳಲ್ಲಿ ಎಂಟು ಕೇರಿಯ ಮಕ್ಕಳವು, ನಾಲ್ಕು ಕೂಲಿ ಮಾಡುವ ಇತರ ಮನೆಗಳವು. ಲಿಂಗಾಯತ ಮನೆಗಳವು ಎರಡು. ಆ ಎರಡೂ ಹುಡುಗಿಯರವು.

ಅವರಿಬ್ಬರಲ್ಲಿ ಒಬ್ಬಳ ತಮ್ಮ ಬೆಳಿಗ್ಗೆ ವ್ಯಾನು ಹತ್ತಿದ್ದ. ಎರಡು ಮಕ್ಕಳ ಫೀ ತುಂಬಲಾಗದಾಗ ಯಾರನ್ನು ಎಲ್ಲಿಗೆ ಕಳಿಸಬೇಕೆಂಬ ಪ್ರಶ್ನೆ ಆ ಮನೆಯಲ್ಲಿ ಎದ್ದಿತ್ತೋ ಇಲ್ಲವೋ! ಎದ್ದಿದ್ದರೂ ಉತ್ತರ ಮೊದಲೇ ಸಿದ್ಧವಿದ್ದಿರಬೇಕು. ಬಸವ ಜಯಂತಿಯ ವೇದಿಕೆಯಲ್ಲಿ ಗಂಡು ಹೆಣ್ಣು ಸಮಾನವೆಂದು, ಮೇಲು ಕೀಳಿಲ್ಲವೆಂದು ನಾವೆಲ್ಲ ಎಷ್ಟು ಸಲ ಮಾತಾಡಿದ್ದೇವೆ! ಆ ರಜಿಸ್ಟರು ಮಾತಾಡದೆಯೇ ನಮ್ಮನ್ನು ಕೇಳುತ್ತಿತ್ತು.

ಸರಕಾರಿ ಶಾಲೆಗಳು ಏಕೆ ಬರಿದಾಗುತ್ತಿವೆ ಎಂದು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಇಂಗ್ಲಿಷ್. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಮೊದಲಾಗಿ ಮನೆಗಳಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಆರೇಳು ಮಕ್ಕಳ ಮನೆಗಳಿಂದ ತುಂಬುತ್ತಿದ್ದ ಶಾಲೆ ಒಂದೆರಡು ಮಕ್ಕಳ ಮನೆಗಳಿಂದ ತುಂಬುವುದು ಹೇಗೆ? ಇದ್ದ ಮನೆಗಳಲ್ಲಿಯೂ ಎಷ್ಟೋ ಕುಟುಂಬಗಳು ಹುಬ್ಬಳ್ಳಿ, ಬೆಳಗಾವಿ, ಗೋವೆಯ ಕಡೆಗೆ ದುಡಿಯಲು ಹೋಗಿ ಅಲ್ಲಿಯೇ ನಿಂತಿವೆ. ಬೇವಿನ ಮರದ ಕೆಳಗಿನ ಮೂವತ್ತೊಂದನ್ನೂ ಶಾಲೆಯ ಹದಿನಾಲ್ಕನ್ನೂ ಕೂಡಿಸಿದರೂ ನಲವತ್ತೈದೇ. ಐವತ್ತು ವರ್ಷಗಳ ಹಿಂದೆ ಈ ಶಾಲೆಯ ಒಂದನೆಯ ಇಯತ್ತೆಯೊಂದರಲ್ಲಿಯೇ ಅದರ ಹತ್ತಿರ ಹತ್ತಿರ ಮಕ್ಕಳಿದ್ದರೆಂದು ರಜಿಸ್ಟರು ಹೇಳುತ್ತದೆ.

ಇನ್ನು ಇಂಗ್ಲಿಷಿನ ಮಾತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ರಾಜ್ಯ ಸರಕಾರವು 1994ರಲ್ಲಿ ಆಜ್ಞೆ ಹೊರಡಿಸಿತ್ತು. ಎರಡು ದಶಕಗಳ ವ್ಯಾಜ್ಯದ ನಂತರ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ಪಾಲಕರದು, ಸರಕಾರವು ಅದನ್ನು ಹೇರಲಾಗದು ಎಂದು ತೀರ್ಪಿತ್ತಿತು. ಈ ನಡುವೆ, 2007-08ರಿಂದಲೇ, ಸರಕಾರಿ ಶಾಲೆಗಳಲ್ಲಿಯೂ ಒಂದನೆಯ ಇಯತ್ತೆಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆದರು. ಆದರೆ ಹದಿನಾಲ್ಕು ಮಕ್ಕಳ ಶಾಲೆಗೆ ಅಂಥ ಭಾಗ್ಯ ಬರುವುದಿಲ್ಲ. ಅದು ದೊಡ್ಡ ಊರುಗಳ ಪಾಲು.

ಊರ ಅಗಸಿಯ ಹತ್ತಿರ ಕೆಲವು ತಾಯಂದಿರನ್ನು ಮಾತಾಡಿಸಿದೆವು. ನಾವು ಮಾಧ್ಯಮದ ವಿಚಾರವನ್ನು ದೊಡ್ಡದಾಗಿ ತೆಗೆದಾಗ ಒಬ್ಬ ತಾಯಿ ನಕ್ಕುಬಿಟ್ಟರು.

“ಅದೆಲ್ಲ ನಮಗ ತಿಳಿಯಂಗಿಲ್ರೀ. ಮೂರು ವರ್ಷ ತುಂಬಿದ ಕೂಸಿಗೆ ಇಲ್ಲಿ ಎಲ್‌ಕೆಜಿ ಇಲ್ಲ. ಅಲ್ಲಿ ಐತಿ. ಒಮ್ಮೆ ವ್ಯಾನ್ ಹತ್ತಿದ ಕೂಸು ಮತ್ತ ಇಳಿಯಂಗಿಲ್ರೀ.”

ಆಯೋಗಗಳ ವರದಿಗಳಲ್ಲಿ ಹುಡುಕುತ್ತಿದ್ದ ಮಾತನ್ನು ಆ ತಾಯಿ ಒಂದು ಉಸಿರಿನಲ್ಲಿ ಹೇಳಿದ್ದರು. ಸರಕಾರಿ ಪ್ರಾಥಮಿಕ ಶಾಲೆ ಆರಂಭವಾಗುವುದು ಒಂದನೆಯ ಇಯತ್ತೆಯಿಂದ. ರಾಜ್ಯದಲ್ಲಿ ಅದಕ್ಕೆ ಈಗ ಆರು ವರ್ಷ ತುಂಬಿರಬೇಕೆಂಬ ನಿಯಮವಿದೆ. 2025-26ರಲ್ಲಿ ಮಾತ್ರ ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಕೆ ಕೊಟ್ಟಿದ್ದರು. ಮೂರರಿಂದ ಆರರವರೆಗೆ ಮಗು ಅಂಗನವಾಡಿಗೆ ಹೋಗಬೇಕು. ಅಂಗನವಾಡಿಯಲ್ಲಿ ಊಟವಿದೆ, ಆಟವಿದೆ, ಅಕ್ಕರೆಯೂ ಇದೆ. ಆದರೆ ಚೀಲ, ಟೈ, ಅಕ್ಷರದ ಪುಸ್ತಕ ಇರುವುದಿಲ್ಲವಾದ್ದರಿಂದ ಪಾಲಕರ ಕಣ್ಣಿಗೆ ಅದು ಶಾಲೆಯಲ್ಲ. ಹೀಗೆ ಅಕ್ಕೋರು ಮೇ ತಿಂಗಳ ಕೊನೆಗೆ ದಾಖಲಾತಿ ಆಂದೋಲನವೆಂದು ಮನೆಮನೆಗೆ ಹೊರಡುವ ಹೊತ್ತಿಗೆ, ಆ ಮನೆಗಳ ಮಕ್ಕಳು ಎರಡು ವರ್ಷ ಮೊದಲೇ ಬೇರೊಂದು ಶಾಲೆಯ ಮಕ್ಕಳಾಗಿರುತ್ತಾರೆ.

ಮುಂದಿನದು ಒಂದು ಗಾಣದ ಸುತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ಇಯತ್ತೆಗಳಿಗೆ ಇಬ್ಬರು! ನೂರು ಮಕ್ಕಳಿದ್ದ ಕಾಲದಲ್ಲಿ ಈ ಶಾಲೆಯಲ್ಲಿ ನಾಲ್ವರಿದ್ದರು. ಮಕ್ಕಳು ಕಡಿಮೆಯಾದಂತೆ ‘ಹೆಚ್ಚುವರಿ’ ಎಂಬ ಹೆಸರಿನಲ್ಲಿ ಒಬ್ಬೊಬ್ಬರು ಬೇರೆಡೆಗೆ ಹೋದರು. ಇಯತ್ತೆಗೊಬ್ಬ ಶಿಕ್ಷಕರಿಲ್ಲವೆಂದು ಮತ್ತಷ್ಟು ಪಾಲಕರು ಮಕ್ಕಳನ್ನು ಬಿಡಿಸಿಕೊಂಡರು. ಈಗಿರುವ ಎರಡು ಹುದ್ದೆಗಳಲ್ಲಿ ಒಂದು ವರ್ಗಾವಣೆಯಿಂದ ತೆರವಾಗಿದ್ದು, ಅಲ್ಲಿ ಒಬ್ಬ ಅತಿಥಿ ಶಿಕ್ಷಕಿ ಇದ್ದಾರೆ. ಅವರಿಗೆ ಸಿಗುವ ಗೌರವಧನ ನಮ್ಮ ಪಟ್ಟಣದ ಮನೆಗಳಲ್ಲಿ ಕಾರು ನಡೆಸುವವನ ಪಗಾರಕ್ಕಿಂತ ಕಡಿಮೆ. ಅದೂ ತಿಂಗಳು ತಿಂಗಳು ಕೈಸೇರುವುದಿಲ್ಲವಂತೆ.

ಅಕ್ಕೋರು ಶಾಲೆಯಲ್ಲಿರುವ ದಿನಗಳಲ್ಲಿಯೂ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಬೈಲಿನಲ್ಲಿ ಹಾಜರಿ, ತಿಂಗಳ ತಃಖ್ತೆ ಎಂದು ಎಷ್ಟೋ ಕೆಲಸ. ಚುನಾವಣೆ ಬಂದರೆ ಅದು ಬೇರೆ. 2025ರ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ನಮ್ಮ ಸಮಾಜದ ಸಭೆಗಳಲ್ಲಿ ಎಷ್ಟು ಚರ್ಚೆಯಾಯಿತು! ಧರ್ಮದ ಕಾಲಮಿನಲ್ಲಿ ಏನು ಬರೆಸಬೇಕು, ಜಾತಿಯ ಕಾಲಮಿನಲ್ಲಿ ಏನು ಬರೆಸಬೇಕು ಎಂದು ಕರಪತ್ರಗಳನ್ನು ಹಂಚಿದ್ದೂ ಹಂಚಿದ್ದೇ. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅದನ್ನೆಲ್ಲ ಬರೆದುಕೊಂಡವರು ಈ ಅಕ್ಕೋರಂಥ ಶಿಕ್ಷಕರೇ. ಸಮೀಕ್ಷೆ ಮುಗಿಯಲಿಲ್ಲವೆಂದು ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಆ ದಿನಗಳಲ್ಲಿ ಮಕ್ಕಳ ಪಾಠ ಏನಾಯಿತೆಂದು ಯಾವ ಕರಪತ್ರವೂ ಕೇಳಲಿಲ್ಲ. ನಮ್ಮ ಪತ್ರಿಕೆಯೂ ಕೇಳಲಿಲ್ಲ.

ಹಾಗಾದರೆ ಈ ಶಾಲೆಯಲ್ಲಿ ಮಕ್ಕಳು ಕಲಿಯುತ್ತಾರೆಯೆ? ಅದನ್ನು ತಿಳಿಯದೆ ಶಾಲೆಯನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ನಾವು ಒಂದು ಪೂರ್ತಿ ದಿನ ಅಲ್ಲಿ ಕುಳಿತೆವು.

ಒಂದು, ಎರಡು, ಮೂರನೆಯ ಇಯತ್ತೆಯ ಒಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದರು. ಇದು ‘ನಲಿ-ಕಲಿ’ ಪದ್ಧತಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಸೇರಿ ರೂಪಿಸಿದ್ದು. 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಗೋಡೆಯ ಮೇಲೆ ಕಲಿಕಾ ಏಣಿಯ ಚಿತ್ರ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಚಟುವಟಿಕೆ, ಕೆಲವು ಮೆಟ್ಟಿಲು ಮುಗಿದರೆ ಒಂದು ಮೈಲಿಗಲ್ಲು. ಮಗು ತಾನು ಎಲ್ಲಿದ್ದೇನೆಂದು ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಚಟುವಟಿಕೆಯ ಗುಂಪಿನಲ್ಲಿ ಹೋಗಿ ಕೂಡುತ್ತದೆ. ಗುಂಪಿಗೆ ಇವರು ‘ತಟ್ಟೆ’ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕಿ ಜೊತೆಗಿದ್ದು ಕಲಿಸುತ್ತಾರೆ, ಇನ್ನೊಂದರಲ್ಲಿ ಮಕ್ಕಳು ಪರಸ್ಪರ ಕಲಿಸಿಕೊಳ್ಳುತ್ತಾರೆ, ಮತ್ತೊಂದರಲ್ಲಿ ತಾವೇ ಅಭ್ಯಾಸ ಮಾಡುತ್ತಾರೆ. ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡ ಮಗು ಮತ್ತೆ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹೊಲದ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿ ಬೇರೊಂದಿರಲಾರದು ಎನಿಸಿತು.

ಆದರೆ ಪಾಲಕರಿಗೆ ಇದು ಹಿಡಿಸಿಲ್ಲ. “ಮೂರೂ ಇಯತ್ತೆ ಕಲಸಿ ಕೂಡಿಸ್ತಾರ್ರೀ, ಚೀಟಿ ಹಿಡಕೊಂಡು ಆಡಿಸ್ತಾರ, ಮನೀಗೆ ಬರಿಯೂದು ಏನೂ ಕೊಡಂಗಿಲ್ಲ” ಎಂದು ಶಾಲೆಯ ಮುಂದಿನ ಕಿರಾಣಿ ಅಂಗಡಿಯವರು ನಮ್ಮಲ್ಲಿ ದೂರಿದರು. ಅವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಪದ್ಧತಿ ಚೆನ್ನಾಗಿದ್ದರೂ ಅದು ಇಡೀ ದಿನ ತರಗತಿಯಲ್ಲಿಯೇ ಇರಬಲ್ಲ ಶಿಕ್ಷಕಿಯನ್ನು ಬೇಡುತ್ತದೆ. ನಾವಿದ್ದ ದಿನವೇ ಅಕ್ಕೋರಿಗೆ ಮೂರು ಸಲ ದೂರವಾಣಿ ಕರೆ ಬಂದು, ಯಾವುದೋ ಮಾಹಿತಿಯನ್ನು ತಕ್ಷಣ ಕಳಿಸಬೇಕಾಯಿತು.

ಮಧ್ಯಾಹ್ನ ನಾಲ್ಕು ಮತ್ತು ಐದನೆಯ ಇಯತ್ತೆಯ ಐವರನ್ನು ಕರೆದು ಅಂದಿನ ದಿನಪತ್ರಿಕೆಯನ್ನು ಓದಿಸಿದೆವು. ಮೂವರು ತಡೆಯಿಲ್ಲದೆ ಓದಿದರು. ಅವರಲ್ಲಿ ಒಬ್ಬಳು, ಬೆಳಿಗ್ಗೆ ವ್ಯಾನು ಹತ್ತಿದ ಹುಡುಗನ ಅಕ್ಕ, ಮಲಪ್ರಭಾ ಕಾಲುವೆಯ ನೀರಿನ ಸುದ್ದಿ ಓದಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಯೂ ತೋರಿಸಿದಳು. ಉಳಿದಿಬ್ಬರು ಒತ್ತಕ್ಷರ ಬಂದಲ್ಲೆಲ್ಲ ನಿಂತರು. ಐದನೆಯ ಇಯತ್ತೆಯ ಒಬ್ಬ ಹುಡುಗನಿಗೆ ಮೂರಂಕಿಯ ಕಳೆಯುವ ಲೆಕ್ಕ ಬರಲಿಲ್ಲ. ಅವನು ಕೊರೊನಾ ಕಾಲದಲ್ಲಿ ಅಂಗನವಾಡಿಯ ಮುಖವನ್ನೇ ನೋಡದೆ ಬೆಳೆದ ಮಗು ಎಂದು ಅಕ್ಕೋರು ಹೇಳಿದರು. ಆದರೆ ಅದನ್ನು ನೆಪವಾಗಿ ಹೇಳಲಿಲ್ಲ. “ಇವನನ್ನ ಜೂನ್ ಒಳಗ ದಾರಿಗೆ ಹಚ್ಚಬೇಕ್ರೀ” ಎಂದು ತಮಗೆ ತಾವೇ ಹೇಳಿಕೊಂಡಂತಿತ್ತು.

ಸಂಜೆ ಆ ಹುಡುಗಿಯ ಮನೆಗೆ ಹೋಗಿ ಅವಳ ತಮ್ಮನ ಪುಸ್ತಕಗಳನ್ನೂ ನೋಡಿದೆವು. ಎರಡನೆಯ ಇಯತ್ತೆಯ ಹುಡುಗ, ಮುದ್ದಾದ ಅಕ್ಷರ, ಪುಟ ತುಂಬ ಹಸಿರು ಗೀಟು. ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಿದ. ಏನು ಓದಿದೆಯಪ್ಪಾ ಎಂದು ಕೇಳಿದರೆ ಅಕ್ಕನ ಮುಖ ನೋಡಿದ. ಕನ್ನಡ ಪುಸ್ತಕ ಕೊಟ್ಟರೆ ಅದೂ ಅರ್ಧ ಮರ್ಧ. ತಾಯಿಗೆ ಸಂಕೋಚವಾಯಿತು. ನಾವು ಮಗುವನ್ನು ಪರೀಕ್ಷಿಸಬಾರದಿತ್ತೇನೋ. ವರ್ಷಕ್ಕೆ ಫೀ ಮತ್ತು ವ್ಯಾನಿನ ಬಾಡಿಗೆ ಸೇರಿ ಒಂದು ಎಕರೆ ಕಡಲೆಯ ಹುಟ್ಟುವಳಿ ಹೋಗುತ್ತದೆಯೆಂದು ತಂದೆ ಹೇಳಿದರು. ಹೇಳುವಾಗ ದೂರಿನ ದನಿ ಇರಲಿಲ್ಲ. ಮಗನಿಗಾಗಿ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೇ ಇತ್ತು.

ಒಂದು ಊರಿನ ಎರಡು ಮಕ್ಕಳಿಂದ ನಾಡಿನ ತೀರ್ಮಾನ ಮಾಡಲಾಗದು. ದೇಶದ ಹಳ್ಳಿಗಳಲ್ಲಿ ‘ಅಸರ್’ ಎಂಬ ಸಮೀಕ್ಷೆ 2005ರಿಂದ ನಡೆಯುತ್ತಿದೆ. ಅದರ 2024ರ ವರದಿಯಂತೆ ಸರಕಾರಿ ಶಾಲೆಗಳ ಮೂರನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು ಶೇಕಡಾ 23.4. ಇದು ತಲೆ ತಗ್ಗಿಸುವ ಅಂಕಿಯೇ. ಆದರೆ 2022ರಲ್ಲಿ ಅದು 16.3ಕ್ಕೆ ಕುಸಿದಿತ್ತು, ಎರಡೇ ವರ್ಷಗಳಲ್ಲಿ ಏಳು ಅಂಕ ಮೇಲೆ ಬಂದಿದೆ. ಖಾಸಗಿ ಶಾಲೆಗಳಲ್ಲಿಯೂ ಮೂರನೆಯ ಇಯತ್ತೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಪಾಠವನ್ನು ಓದಲಾರರು ಎಂಬುದನ್ನು ಫೀ ತುಂಬುವ ಪಾಲಕರಿಗೆ ಯಾರೂ ಹೇಳಿದಂತಿಲ್ಲ. ಅದೇ ಸಮೀಕ್ಷೆಯ ಇನ್ನೊಂದು ಮಾತು: ಆರರಿಂದ ಹದಿನಾಲ್ಕರ ವಯಸ್ಸಿನ ಹಳ್ಳಿಯ ಮಕ್ಕಳಲ್ಲಿ ಸರಕಾರಿ ಶಾಲೆಗೆ ಹೋಗುವವರು 2022ರಲ್ಲಿ ಶೇಕಡಾ 72.9ಕ್ಕೆ ಏರಿ, 2024ರಲ್ಲಿ 66.8ಕ್ಕೆ ಇಳಿದರು. ಈ ಊರಿನಲ್ಲಿಯೂ ಹಾಗೆಯೇ ಆಯಿತಂತೆ. ಕೊರೊನಾದಲ್ಲಿ ವ್ಯಾನು ನಿಂತಾಗ, ಫೀ ತುಂಬಲಾಗದಾಗ ಶಾಲೆಯ ಮಕ್ಕಳು ಮೂವತ್ತು ದಾಟಿದ್ದರು. ಅಕ್ಕೋರು ‘ವಿದ್ಯಾಗಮ’ದ ದಿನಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದ್ದನ್ನು ಊರು ಈಗಲೂ ನೆನೆಯುತ್ತದೆ. ವ್ಯಾನು ಮತ್ತೆ ಬಂದಿತು; ನೆನೆಯುತ್ತಲೇ ಮಕ್ಕಳನ್ನು ಹತ್ತಿಸಿದರು.

ಐದನೆಯ ಇಯತ್ತೆ ಮುಗಿದ ಮೇಲೆ ಮಕ್ಕಳು ಮೂರು ಕಿಲೋಮೀಟರಿನ ಆಚೆಯ ಊರಿಗೆ, ಎಂಟಕ್ಕೆ ತಾಲೂಕು ಸ್ಥಳದ ಹೈಸ್ಕೂಲಿಗೆ ಹೋಗಬೇಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಗಿರುವುದು ಅಷ್ಟರ ಮಟ್ಟಿಗೆ ಒಳ್ಳೆಯದಾಗಿದೆ. ಎಸ್ಸೆಸ್ಸೆಲ್ಸಿಯ ಮಾತು ಬಂದಾಗ ಊರಲ್ಲಿ ಎಲ್ಲರೂ ಶೇಕಡಾವಾರು ಹೇಳುತ್ತಾರೆ. ಆ ಶೇಕಡಾವಾರಿನ ಕಥೆಯೂ ನೋಡುವಂತಿದೆ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮರಾ ಹಾಕಿ ಕಾವಲು ಕುಳಿತಾಗ, ಧಾರಾಳವಾಗಿ ಕೃಪಾಂಕ ಕೊಟ್ಟೂ ಅದು 73.40ಕ್ಕೆ ಇಳಿಯಿತು. ಮರುವರ್ಷ ಆ ಕೃಪಾಂಕ ತೆಗೆದಾಗ ಮತ್ತೂ ಇಳಿಯಿತು. 2024ರಲ್ಲಿ ಉಡುಪಿ 94ರಲ್ಲಿದ್ದರೆ ಯಾದಗಿರಿ 50.59ರಲ್ಲಿತ್ತು. ಅದೇ ವರ್ಷ 625ಕ್ಕೆ 625 ಪಡೆದು ರಾಜ್ಯಕ್ಕೆ ಒಬ್ಬಳೇ ಪ್ರಥಮಳಾಗಿ ಬಂದವಳು ಬಾಗಲಕೋಟೆ ಜಿಲ್ಲೆಯ ಸರಕಾರಿ ವಸತಿ ಶಾಲೆಯೊಂದರ ರೈತನ ಮಗಳು. ಸರಕಾರಿ ಶಾಲೆಯಲ್ಲಿ ಏನೂ ಇಲ್ಲವೆನ್ನುವವರೂ, ಎಲ್ಲವೂ ಇದೆಯೆನ್ನುವವರೂ ಈ ಅಂಕಿಗಳನ್ನು ಒಟ್ಟಿಗೆ ಓದಬೇಕು.

ಈಗ ನಮ್ಮ ಸಮಾಜದ ಮಾತಿಗೆ ಬರೋಣ. ಡೆಪ್ಯುಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ಶಿರಸಂಗಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನ ಶಿಕ್ಷಕರೇ ಹೊರತು ಸಾಹುಕಾರರಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ನಮ್ಮ ಓದುಗರ ಮನೆಗಳಲ್ಲಿಯೇ ಎಷ್ಟು ಜನರಿಲ್ಲ! 2002ರಲ್ಲಿ ಸರಕಾರವು ಶಾಲೆಯ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಆ ಹೆಸರು ಎಲ್ಲಿಂದ ಬಂದಿತೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. 2013ರಲ್ಲಿ ಹಾಲು ಸೇರಿತು. ಈಚೆಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು. ನಾವಿದ್ದ ದಿನ ಹದಿನಾಲ್ವರೂ ಸಾಲಾಗಿ ಕುಳಿತು ಉಂಡರು. ಜೊತೆಗೆ ನಾವೂ ಉಂಡೆವು. ಸಾರು ರುಚಿಯಾಗಿತ್ತು. ಅಂದು ದಾಸೋಹದ ಪಂಕ್ತಿಯಲ್ಲಿ ಕುಳಿತವರ ಮೊಮ್ಮಕ್ಕಳು ಮಾತ್ರ ಆ ಪಂಕ್ತಿಯಲ್ಲಿರಲಿಲ್ಲ. ಅವರ ಊಟದ ಡಬ್ಬಿ ವ್ಯಾನಿನಲ್ಲಿ ಹೋಗಿತ್ತು.

ಇದನ್ನು ಬರೆಯುವ ಅಧಿಕಾರ ನಮಗೆಷ್ಟಿದೆ ಎಂಬ ಪ್ರಶ್ನೆಯೂ ಇದೆ. ಈ ಪತ್ರಿಕೆಯ ಬಳಗದಲ್ಲಿರುವ ನಮ್ಮೆಲ್ಲರ ಮನೆಗಳ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದುತ್ತಿದ್ದಾರೆ. ಸಮಿತಿಯ ಅಧ್ಯಕ್ಷರು ಇದನ್ನು ನೇರವಾಗಿಯೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಮಠದ ಪಡಸಾಲೆಯಲ್ಲಿ ಸಮಿತಿಯ ಸಭೆ ಸೇರಿತು. ಬೆಂಗಳೂರು, ಪುಣೆ, ಹುಬ್ಬಳ್ಳಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಕಳಿಸಿದ ದೇಣಿಗೆ ಆರು ಲಕ್ಷ ದಾಟಿತ್ತು. ಮಹಾದ್ವಾರದ ನಕಾಶೆ ಸಿದ್ಧವಾಗಿತ್ತು, ಎರಡು ಕಂಬಗಳಿಗೆ ಗುಂಡಿಯನ್ನೂ ತೋಡಿದ್ದರು. ನಾವು ಮಾತಾಡಲು ಹೋಗಿರಲಿಲ್ಲ, ಕೇಳಲು ಹೋಗಿದ್ದೆವು. ಆದರೆ ಅಗಸಿಯ ಹತ್ತಿರ ನಕ್ಕಿದ್ದ ಆ ತಾಯಿ ಹೆಣ್ಣುಮಕ್ಕಳ ಸಾಲಿನಿಂದ ಎದ್ದು ನಿಂತು, ತಾವು ಎಸ್‌ಡಿಎಂಸಿಯ ಸದಸ್ಯೆ ಎಂದು ನೆನಪಿಸಿ, ತಮ್ಮ ಮಾತು ಹೇಳಿದರು.

“ಬಾಗಿಲಾ ಕಟ್ಟಿಸ್ತೀರಿ, ಒಳಗ ಹೋಗಾಕ ಕೂಸು ಎಲ್ಲೈತ್ರೀ ಅಜ್ಜಾರ? ಆ ರೊಕ್ಕದಾಗ ಎಲ್‌ಕೆಜಿಗೆ ಒಬ್ಬ ಟೀಚರ್ ಇಡ್ರಿ. ಮೂರು ವರ್ಷ ಪಗಾರ ಆಗತೈತಿ. ಹಳೇ ಕೋಣಿ ಸುಮ್ನ ಬಿದ್ದೈತಿ.”

ಸಭೆಯಲ್ಲಿ ಗದ್ದಲವೆದ್ದಿತು. ದೇಣಿಗೆ ಕೊಟ್ಟವರು ದ್ವಾರಕ್ಕೆಂದು ಕೊಟ್ಟಿದ್ದಾರೆ, ಕಲ್ಲಿನ ಮೇಲೆ ಅವರ ಹೆಸರು ಕೆತ್ತಿಸುತ್ತೇವೆಂದು ಮಾತು ಕೊಟ್ಟಾಗಿದೆ ಎಂದು ಒಬ್ಬರು. ಇಲಾಖೆಯ ಅನುಮತಿಯಿಲ್ಲದೆ ಸರಕಾರಿ ಶಾಲೆಯಲ್ಲಿ ಹಾಗೆಲ್ಲ ತರಗತಿ ತೆರೆಯಲಾಗದೆಂದು ನಿವೃತ್ತ ಮಾಸ್ತರರೊಬ್ಬರು. ಅಂಗನವಾಡಿಯ ಕಾರ್ಯಕರ್ತೆಯೂ ಅಲ್ಲಿದ್ದರು. ಮೂರು ವರ್ಷದ ಮಕ್ಕಳನ್ನು ಶಾಲೆಯವರು ಎಳೆದುಕೊಂಡರೆ ತಮ್ಮ ಅಂಗನವಾಡಿಯನ್ನು ಮುಚ್ಚಬೇಕಾಗುತ್ತದೆಂಬುದು ಅವರ ಅಳಲು. ಅದು ನ್ಯಾಯವಾದ ಅಳಲೇ. ಕೇರಿಯ ಹಿರಿಯರೊಬ್ಬರು ಬಾಗಿಲ ಬಳಿ ಕುಳಿತಿದ್ದವರು, ಯಾರೂ ಕೇಳದಿದ್ದರೂ, ಮೆಲ್ಲನೆ ಹೇಳಿದರು: “ನಮ್ಮ ಹುಡುಗರು ಇರೂ ಸಾಲಿ ಇದೊಂದ ರೀ. ಇದು ಮುಚ್ಚಿದ್ರ ನಿಮ್ಮ ಹುಡುಗರಿಗೆ ವ್ಯಾನ್ ಐತಿ, ನಮ್ಮ ಹುಡುಗರಿಗೆ ಏನೈತಿ?” ಅದಾದ ಮೇಲೆ ಕೆಲಹೊತ್ತು ಯಾರೂ ಮಾತಾಡಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಇಷ್ಟು ನಿರ್ಣಯವಾಯಿತು. ದ್ವಾರದ ಕೆಲಸವನ್ನು ಸದ್ಯಕ್ಕೆ ನಿಲ್ಲಿಸುವುದು. ದೇಣಿಗೆದಾರರಿಗೆ ಕಾಗದ ಬರೆದು ಒಪ್ಪಿಗೆ ಕೇಳುವುದು. ಒಪ್ಪದವರ ಹಣವನ್ನು ಮರಳಿ ಕೊಡುವುದು. ಅಂಗನವಾಡಿಯನ್ನೇ ಶಾಲೆಯ ಆವರಣದ ಹಳೆಯ ಕೋಣೆಗೆ ತಂದು, ಅಲ್ಲಿಯೇ ಮಕ್ಕಳಿಗೆ ಅಕ್ಷರ, ಇಂಗ್ಲಿಷಿನ ಮಾತು ಕಲಿಸಲು ಸಮಿತಿಯ ವತಿಯಿಂದ ಒಬ್ಬ ಶಿಕ್ಷಕಿಯನ್ನು ಕೊಡಬಹುದೆ ಎಂದು ಶಿಕ್ಷಣ ಇಲಾಖೆಗೂ ಮಹಿಳಾ ಮತ್ತು ಮಕ್ಕಳ ಇಲಾಖೆಗೂ ಅರ್ಜಿ ಕೊಡುವುದು. ಅಧ್ಯಕ್ಷರು ಸಹಿ ಹಾಕಿದರು, ಮನಸ್ಸಿಲ್ಲದ ಮನಸ್ಸಿನಿಂದ. ಅವರ ಮಗಳ ಮಗುವಿಗೆ ಬರುವ ಜೂನಿಗೆ ಮೂರು ವರ್ಷ ತುಂಬುತ್ತದೆ. ಅದನ್ನು ಎಲ್ಲಿಗೆ ಕಳಿಸುತ್ತೀರೆಂದು ಆ ತಾಯಿಯೇ ಕೇಳಿದಾಗ, “ಅವರವ್ವ ಅಪ್ಪ ಇದ್ದಾರಲ್ಲ” ಎಂದು ಎದ್ದು ಹೋದರು.

ಇದನ್ನು ಬರೆಯುವ ಹೊತ್ತಿಗೆ ಅರ್ಜಿಗಳು ಎರಡೂ ಕಚೇರಿಗಳಲ್ಲಿವೆ. ದೇಣಿಗೆದಾರರಲ್ಲಿ ಹನ್ನೊಂದು ಜನ ಒಪ್ಪಿದ್ದಾರೆ, ನಾಲ್ವರು ಹಣ ಮರಳಿ ಕೇಳಿದ್ದಾರೆ, ಉಳಿದವರಿಂದ ಉತ್ತರ ಬಂದಿಲ್ಲ. ಶಾಲೆಯ ಮುಂದೆ ತೋಡಿದ್ದ ಎರಡು ಗುಂಡಿಗಳಲ್ಲಿ ಮಳೆಯ ನೀರು ನಿಂತು ಮಕ್ಕಳು ಬಿದ್ದಾರೆಂಬ ಭಯದಿಂದ ಅಕ್ಕೋರು ಅವುಗಳ ಮೇಲೆ ಹಲಗೆ ಮುಚ್ಚಿಸಿದ್ದಾರೆ. ಸ್ಮರಣ ಸಂಚಿಕೆಗೆಂದು ನಾವು ಕಳಿಸಿದ ಲೇಖನ ಇದೇ. ಲಿಂಗಾಯತ ಮನೆಗಳ ಎರಡು ಹೆಸರಿನ ಮಾತನ್ನು ತೆಗೆದರೆ ಅಚ್ಚು ಹಾಕುತ್ತೇವೆಂದು ಸಮಿತಿಯವರು ಬರೆದಿದ್ದಾರೆ. ತೆಗೆಯಲಾಗದೆಂದು ನಾವು ಉತ್ತರಿಸಿದ್ದೇವೆ.